ತೂಕ ಇಳಿಸುವ ಆಪರೇಷನ್‌ಗೆ ಯಾವ ತಿಂಗಳು? ಆಷಾಢ, ಧನುರ್ಮಾಸ, ಬೇಸಿಗೆ ರಜೆ: ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಹೋಲಿಕೆ

ನನ್ನ ಗುಟ್ಟು ಒಡೆದದ್ದು ಬೀಗರೂಟದ ಪಂಕ್ತಿಯಲ್ಲಿ. ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಆಗಿ ಹತ್ತೊಂಬತ್ತನೇ ದಿನ. ಚನ್ನರಾಯಪಟ್ಟಣದ ಹತ್ತಿರದ ಊರು, ಮೈದುನನ ಮಗನ ಮದುವೆಯ ಬಾಡೂಟ. ಎಲೆಗೆ ಮುದ್ದೆ ಬಂತು, ನಾಟಿ ಕೋಳಿ ಸಾರು ಬಂತು. "ಯಾಕಕ್ಕ, ಮುದ್ದೆ ಮುರಿದೇ ಇಲ್ಲ?" ಎಂದು ಬಡಿಸುವ ಹುಡುಗ ಕೇಳಿದ. ಪಕ್ಕದಲ್ಲಿದ್ದ ಓರಗಿತ್ತಿ ತಿರುಗಿ ನನ್ನ ಎಲೆ ನೋಡಿದಳು. ಎರಡು ತುತ್ತು ನುಂಗಿಬಿಟ್ಟರೆ ಆಯ್ತು ಅಂದುಕೊಂಡೆ. ಎದೆ ಬಿಗಿಯಿತು, ಬಾಯಲ್ಲಿ ನೀರೂರಿತು, ಕೈ ತೊಳೆಯುವ ಜಾಗದವರೆಗೂ ಹೋಗಲಾಗಲಿಲ್ಲ. ಸಂಜೆಯೊಳಗೆ ಇಡೀ ನೆಂಟರಿಗೆ ವಿಷಯ ಗೊತ್ತಾಗಿತ್ತು. ಮರುದಿನ ಸರ್ಜನ್ ಹತ್ತಿರ ಹೋಗಿ ತೋರಿಸಿದೆ. ಒಳಗಿನ ಹೊಲಿಗೆಗೆ ಏನೂ ಆಗಿರಲಿಲ್ಲ, ದೊಡ್ಡ ಪುಣ್ಯ.

ನಾನು ಪ್ರೌಢಶಾಲೆ ಶಿಕ್ಷಕಿ, ಹಾಸನದವಳು. ಆಪರೇಷನ್‌ಗೆ ಏಪ್ರಿಲ್ 16 ಎಂದು ದಿನ ಗೊತ್ತುಮಾಡಿಕೊಂಡಿದ್ದೆ. ಬೇಸಿಗೆ ರಜೆ, ಯಾರಿಗೂ ರಜೆ ಅರ್ಜಿ ಕೊಡಬೇಕಿಲ್ಲ, ಮೇ 14ರ ಮದುವೆಗೆ ನಾಲ್ಕು ವಾರ ಸಿಗುತ್ತದೆ ಎಂದು ಲೆಕ್ಕ. ಆಸ್ಪತ್ರೆಯವರು ಕೊನೇ ಗಳಿಗೆಯಲ್ಲಿ ಅದನ್ನು ಏಪ್ರಿಲ್ 27ಕ್ಕೆ ಮುಂದೂಡಿದರು. ಆಗ ನಾನು ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ಈಗ ಯೋಚಿಸಿದರೆ, ಮೊದಲಿನ ದಿನವೇ ಆಗಿದ್ದರೂ ತಪ್ಪೇ. ನಾನು ರಜೆಯ ದಿನಗಳನ್ನು ಎಣಿಸಿದ್ದೆ. ಊಟದ ಮನೆಗಳನ್ನು ಎಣಿಸಿರಲಿಲ್ಲ. ನಮ್ಮ ಕಡೆ ಒಬ್ಬರು ಎರಡು ವಾರ ಕಾಣದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲೆಯಲ್ಲಿ ಅನ್ನ ಬಿಟ್ಟರೆ ಮಾತ್ರ ಹತ್ತು ಜನ ಕೇಳುತ್ತಾರೆ.

ಅದಕ್ಕೇ ತಿಂಗಳುಗಳನ್ನು ಹೋಲಿಸುವ ಮೊದಲು ದೇಹದ ಲೆಕ್ಕ ಹೇಳಿಬಿಡುತ್ತೇನೆ.

ದೇಹ ಕೇಳುವ ದಿನಗಳು

ಆಪರೇಷನ್‌ಗೆ ಸುಮಾರು ಎರಡು ವಾರ ಮೊದಲೇ ಕಡಿಮೆ ಕ್ಯಾಲೊರಿಯ ಪಥ್ಯ ಶುರುವಾಗುತ್ತದೆ. ಹೊಟ್ಟೆಯ ಮೇಲೆ ಕೂತಿರುವ ಯಕೃತ್ತು ಕುಗ್ಗಿದರೆ ಸರ್ಜನ್‌ಗೆ ಕೆಲಸ ಸುಲಭ, ನಮಗೂ ಅಪಾಯ ಕಡಿಮೆ. ಅಂದರೆ ಗುಟ್ಟಿನ ಲೆಕ್ಕ ಅಲ್ಲಿಂದಲೇ ಹಿಡಿಯಬೇಕು. ಆಸ್ಪತ್ರೆಯಲ್ಲಿ ಇರುವುದು ಸಾಮಾನ್ಯವಾಗಿ ಎರಡು ಮೂರು ದಿನ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತುಗಳು, ಅಷ್ಟೇ. ಆಮೇಲಿನ ಎರಡು ವಾರ ಬರೀ ದ್ರವ. ಮುಂದಿನ ಎರಡು ವಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು. ಅದರ ಮುಂದಿನ ಎರಡು ವಾರ ಮೆತ್ತಗಿನದು. ಎಲ್ಲರ ಹಾಗೆ ಅಗಿದು ತಿನ್ನುವುದು ಆರರಿಂದ ಎಂಟು ವಾರದ ಮೇಲೆ, ಅದೂ ಅಂಗೈಯಷ್ಟು. ಆಸ್ಪತ್ರೆಯಿಂದ ಆಸ್ಪತ್ರೆಗೆ ಒಂದೆರಡು ದಿನ ಹೆಚ್ಚುಕಮ್ಮಿ ಇರುತ್ತದೆ. ನಿಮ್ಮ ಡಯಟೀಷಿಯನ್ ಹೇಳಿದ್ದೇ ಕೊನೆಯ ಮಾತು.

ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಬೇಕು. ಗ್ಯಾಸ್ ಸಿಲಿಂಡರ್, ತುಂಬಿದ ಬಿಂದಿಗೆ, ಕಾಫಿ ಮೂಟೆ ಎಲ್ಲವೂ ಭಾರವೇ. ಒಳಗಿನ ಹೊಲಿಗೆ ಸೋರುವ ಭಯ ಜಾಸ್ತಿ ಇರುವುದು ಮೊದಲ ಹತ್ತು ದಿನ. ಎದೆ ಬಡಿತ ಜೋರಾದರೆ, ಜ್ವರ ಬಂದರೆ, ಉಸಿರು ಸಿಕ್ಕಿಕೊಂಡಂತಾದರೆ, ಹೊಟ್ಟೆ ಅಥವಾ ಎಡ ಭುಜ ಬಿಡದೆ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗುಟ್ಟು ಇರಲಿ ಎಂದು ಒಂದು ರಾತ್ರಿ ಕಾಯುವುದು ಪ್ರಾಣಕ್ಕೆ ಅಪಾಯ.

ಆದ್ದರಿಂದ ಪಂಚಾಂಗ ಹಿಡಿದು ಕೂತಾಗ ಹುಡುಕಬೇಕಾದದ್ದು ಹದಿನೈದು ದಿನದ ರಜೆಯನ್ನಲ್ಲ. ಯಾರ ಮನೆಯ ಪಂಕ್ತಿಯಲ್ಲೂ ಕೂರಬೇಕಿಲ್ಲದ ಆರು ವಾರ ಎಲ್ಲಿದೆ ಎಂದು ನೋಡಿ. ಮುಂಚಿನ ಪಥ್ಯವೂ ಸೇರಿದರೆ ಎಂಟು ವಾರ.

ಆಷಾಢ

ನನ್ನ ಮಟ್ಟಿಗೆ ಇದೇ ಒಳ್ಳೆಯದು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣವನ್ನೂ ಮುಂದಕ್ಕೆ ಹಾಕುತ್ತಾರೆ. ತಿಂಗಳ ಶುರುವಿಗೇ ಆಪರೇಷನ್ ಆದರೆ ಭೀಮನ ಅಮಾವಾಸ್ಯೆಗೆ ನಾಲ್ಕು ವಾರ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹೆಚ್ಚುಕಮ್ಮಿ ಆರು ವಾರ. ಗೌರಿ ಗಣೇಶ ಬರುವಷ್ಟರಲ್ಲಿ ಒಂದು ಕಡುಬನ್ನು ನಿಧಾನವಾಗಿ ಅಗಿದು ತಿನ್ನುವ ಹಂತ. ಶ್ರಾವಣದಲ್ಲಿ ಒಪ್ಪೊತ್ತು ಇರುವವರು ಮನೆಮನೆಯಲ್ಲೂ ಇರುತ್ತಾರೆ, ಮಾಂಸ ಬಿಟ್ಟವರೂ ಇರುತ್ತಾರೆ. ಕಡಿಮೆ ತಿನ್ನುವವರನ್ನು ಆ ತಿಂಗಳು ಯಾರೂ ಗಮನಿಸುವುದಿಲ್ಲ. (ನೀವು ಮಾತ್ರ ನಿಜವಾಗಿ ಉಪವಾಸ ಮಾಡಬೇಡಿ. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಒಳಗೆ ಹೋಗಲೇಬೇಕು.) ಜಡಿಮಳೆಯಲ್ಲಿ ಎಲ್ಲರೂ ಸ್ವೆಟರ್, ಶಾಲು ಹೊದ್ದಿರುತ್ತಾರೆ. ಮೈ ಇಳಿದದ್ದು ಎರಡು ತಿಂಗಳು ಕಣ್ಣಿಗೆ ಬೀಳುವುದಿಲ್ಲ.

ನನ್ನ ತಂಗಿಗೆ ಆಲ್ದೂರಿನ ಕಡೆ ಕಾಫಿ ತೋಟ. ಅವಳು ಮಾಡಿಸಿದ್ದು ಜುಲೈನಲ್ಲಿ. ಮಳೆಗೆ ಮುಂಚಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ಮುಗಿದಿತ್ತು, ಹಣ್ಣು ಕೊಯ್ಲಿಗೆ ನವೆಂಬರ್‌ವರೆಗೂ ಸಮಯ ಇತ್ತು. ತೋಟದವರಿಗೆ ಇಷ್ಟು ಬಿಡುವು ಬೇರೆ ಯಾವಾಗ ಸಿಗುತ್ತದೆ ಹೇಳಿ? ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಕೊಯ್ಲು, ಅದಾದ ಮೇಲೆ ಹೂಮಳೆಗೆ ಕಾಯುವುದು. ಜುಲೈ ತಪ್ಪಿದರೆ ಇಡೀ ವರ್ಷ ತಪ್ಪಿದ ಹಾಗೆ.

ಆದರೆ ಆಷಾಢಕ್ಕೆ ಒಂದು ದೊಡ್ಡ ದೋಷ ಇದೆ: ದಾರಿ. ಘಟ್ಟ ಇಳಿದು ಮಂಗಳೂರಿಗೆ ಹೋಗಿ ಮಾಡಿಸುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿ ಶಿರಾಡಿ ರಸ್ತೆ ನಿಂತಿತ್ತು. ಅದೇ ತಿಂಗಳು ಯಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗೂ ಮಣ್ಣು ಕುಸಿಯಿತು. ಆರನೇ ದಿನ ಜ್ವರ ಬಂದು, ಆಪರೇಷನ್ ಮಾಡಿದ ಸರ್ಜನ್ ಘಟ್ಟದ ಕೆಳಗೆ, ನೀವು ಘಟ್ಟದ ಮೇಲೆ ಆದರೆ ಏನು ಗತಿ? ತಂಗಿ ಅದಕ್ಕೇ ಬೆಂಗಳೂರಿನಲ್ಲಿ ಮಾಡಿಸಿಕೊಂಡು, ಮೊದಲ ಹತ್ತು ದಿನ ತೋಟಕ್ಕೆ ಹೋಗದೆ ಹಾಸನದಲ್ಲಿ ನನ್ನ ಮನೆಯಲ್ಲಿ ಇದ್ದಳು. ಮಲೆನಾಡಿನ ಕರೆಂಟೂ ಒಂದು ಕಾರಣ. ಮೂರು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಮಿಕ್ಸಿ ಪಥ್ಯ ಮಾಡುವುದು ಹೇಗೆ? ಊರಿನವರಿಗೆ "ಅಕ್ಕನ ಮನೆಗೆ ಹೋಗಿದಾಳೆ" ಅಂದರೆ ಸಾಕಾಯಿತು. ಅದು ಸುಳ್ಳೂ ಆಗಿರಲಿಲ್ಲ.

ಅಧಿಕ ಮಾಸ ಬರುವ ವರ್ಷ ಅದರಲ್ಲೂ ಶುಭಕಾರ್ಯ ಇರುವುದಿಲ್ಲ. ಅದು ಆಷಾಢದ ಹಿಂದೆಯೋ ಮುಂದೆಯೋ ಬಿದ್ದರೆ ನಿಮಗೆ ಪೂರ್ತಿ ಎರಡು ತಿಂಗಳು ಸಿಕ್ಕಿತು ಎಂದೇ ಲೆಕ್ಕ.

ಧನುರ್ಮಾಸ

ಡಿಸೆಂಬರ್ 16ರ ಹೊತ್ತಿಗೆ ಶುರು, ಸಂಕ್ರಾಂತಿಗೆ ಮುಕ್ತಾಯ. ಮದುವೆ ಇಲ್ಲ. ರಸ್ತೆ ಒಣಗಿರುತ್ತದೆ, ಮಂಗಳೂರು, ಮೈಸೂರು, ಬೆಂಗಳೂರು ಯಾವ ಕಡೆಗಾದರೂ ಹೋಗಬಹುದು. ಬ್ಯಾಂಕು, ತಾಲ್ಲೂಕು ಕಚೇರಿಯಲ್ಲಿ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿಗೆ ಮೂರು ತಿಂಗಳು ತುಂಬಿ ಮೈ ಹಗುರವಾಗಿರುತ್ತದೆ. ಬ್ಯಾಂಕಿನಲ್ಲಿರುವ ನನ್ನ ಗೆಳತಿ ಹೀಗೇ ಮಾಡಿದಳು. ಆಫೀಸಿನಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.

ಕಷ್ಟ ಇರುವುದು ಎರಡು ಕಡೆ. ಒಂದು ಚಳಿ. ಹೊಸ ಹೊಟ್ಟೆಗೆ ದಿನಕ್ಕೆ ಒಂದೂವರೆ ಲೀಟರ್‌ನಷ್ಟಾದರೂ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಮರೆತುಬಿಡುತ್ತೇವೆ. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ನೀರು ಸಾಲದೆ ಸುಸ್ತಾಗುವುದು ಒಂದು ಮುಖ್ಯ ಕಾರಣ. ಫ್ಲಾಸ್ಕಿನಲ್ಲಿ ಬಿಸಿನೀರು, ತಿಳಿಸಾರಿನ ನೀರು ಇಟ್ಟುಕೊಳ್ಳಿ. ಎರಡನೆಯದು ಸಂಕ್ರಾಂತಿ. ಆಗ ನಾಲ್ಕನೇ ವಾರ. ಎಳ್ಳು ಬೀರಲು ಬಂದವರು ಬಾಯಿಗೇ ಹಾಕುತ್ತಾರೆ. ಕೊಬ್ಬರಿ, ಕಡಲೆಬೀಜ, ಬೆಲ್ಲದ ಅಚ್ಚು, ಕಬ್ಬು, ಒಂದೂ ಆಗುವುದಿಲ್ಲ. ಕೈಯಲ್ಲಿ ಇಸ್ಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳಿ, "ಮಕ್ಕಳಿಗೆ" ಅನ್ನಿ. ಅವರೆಕಾಯಿ ಕಾಲವೂ ಅದೇ. ಹಿತಕಿದ ಬೇಳೆಯನ್ನು ನುಣ್ಣಗೆ ಬೇಯಿಸಿ ಅರೆದರೆ ಒಳ್ಳೆಯ ಪ್ರೋಟೀನು, ಆದರೆ ವಾಯು. ಒಂದು ಚಮಚದಿಂದ ಶುರುಮಾಡಿ.

ತೋಟದವರಿಗೆ ಧನುರ್ಮಾಸ ಬೇಡವೇ ಬೇಡ. ಕೊಯ್ಲಿನ ಆಳುಗಳ ನಡುವೆ ವಿಶ್ರಾಂತಿ ಅನ್ನುವುದು ಬರೀ ಮಾತು.

ಬೇಸಿಗೆ ರಜೆ, ದಸರಾ ರಜೆ

ಶಿಕ್ಷಕರೆಲ್ಲ ಮೊದಲು ಯೋಚಿಸುವುದು ಇದನ್ನೇ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ, ಅರ್ಜಿ ಬೇಡ, ಸರ್ಟಿಫಿಕೇಟ್ ಬೇಡ. ರಜೆಯ ದೃಷ್ಟಿಯಿಂದ ಇದಕ್ಕೆ ಸಾಟಿ ಇಲ್ಲ. ಊಟದ ದೃಷ್ಟಿಯಿಂದ ಇದರಷ್ಟು ಕೆಟ್ಟದ್ದೂ ಇಲ್ಲ. ಮದುವೆ, ಬೀಗರೂಟ, ಊರಹಬ್ಬ, ಜಾತ್ರೆ ಎಲ್ಲ ಆಗಲೇ. ಮಕ್ಕಳಿಗೆ ರಜೆ, ಹಾಗಾಗಿ ಮನೆ ತುಂಬ ನೆಂಟರು. ಹಾಸನದ ಬಿಸಿಲು ರಾಯಚೂರಿನ ಬಿಸಿಲಲ್ಲ, ನಿಜ, ಆದರೂ ಗುಟುಕು ನೀರಿನ ಮೇಲೆ ಬದುಕುವವರಿಗೆ ಅದೂ ಹೆಚ್ಚೇ. ನಿಮ್ಮ ಕುಟುಂಬದಲ್ಲಿ ಆ ವರ್ಷ ಹತ್ತಿರದ ಮದುವೆ ಒಂದೂ ಇಲ್ಲ ಎಂದು ಖಾತ್ರಿ ಇದ್ದರೆ ರಜೆ ಶುರುವಾದ ವಾರವೇ ಮಾಡಿಸಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೆಸರು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ದಸರಾ ರಜೆ ಚಿಕ್ಕದು. ಅದಾದ ಕೂಡಲೇ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಹಾಸನದಲ್ಲಿ ಮನೆ ಇರುವವರಿಗೆ ಅದರ ಅರ್ಥ ಗೊತ್ತು: ದರ್ಶನಕ್ಕೆ ಬಂದ ಪ್ರತಿಯೊಬ್ಬ ನೆಂಟನೂ ನಿಮ್ಮ ಮನೆಯಲ್ಲೇ ಊಟಕ್ಕೆ ನಿಲ್ಲುತ್ತಾನೆ. ಅದರ ಬೆನ್ನಿಗೇ ದೀಪಾವಳಿ. ಇದನ್ನು ಬಿಟ್ಟುಬಿಡಿ.

ಕೂದಲಿನ ಲೆಕ್ಕ

ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಆಪರೇಷನ್ ಆದ ಮೂರರಿಂದ ಆರು ತಿಂಗಳ ನಡುವೆ ಬಹಳ ಜನರಿಗೆ ಕೂದಲು ಉದುರುತ್ತದೆ. ತೂಕ ಬೇಗ ಇಳಿದಾಗ ದೇಹ ಹೀಗೆ ಮಾಡುತ್ತದೆ. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಪ್ರೋಟೀನ್, ಕಬ್ಬಿಣಾಂಶ ಕಡಿಮೆಯಾಗದಂತೆ ನೋಡಿಕೊಂಡರೆ ಉದುರುವುದೂ ಕಡಿಮೆ. ಆದರೆ ಬಾಚಣಿಗೆಯಲ್ಲಿ ಮುಷ್ಟಿ ಕೂದಲು ಬಂದಾಗ ಎದೆ ಧಸಕ್ಕೆನ್ನುತ್ತದೆ. ಅದೇ ಹೊತ್ತಿಗೆ ಮುಖವೂ ಇಳಿದಿರುತ್ತದೆ. ನಮ್ಮ ಜನ ಇವೆರಡನ್ನೂ ಒಟ್ಟಿಗೆ ನೋಡಿದರೆ ದೊಡ್ಡ ಕಾಯಿಲೆ ಎಂದೇ ತೀರ್ಮಾನಿಸುತ್ತಾರೆ.

ಈಗ ತಿಂಗಳು ಹೊಂದಿಸಿ ನೋಡಿ. ಜುಲೈನಲ್ಲಿ ಮಾಡಿಸಿದರೆ ಕೂದಲು ಉದುರುವುದು ಅಕ್ಟೋಬರ್‌ನಿಂದ ಜನವರಿ‌. ತುಳಸಿ ಹಬ್ಬ ಕಳೆದ ಮೇಲಿನ ಮದುವೆಗಳ ಹೊತ್ತಿಗೇ ಅದು ಬರುತ್ತದೆ. ಡಿಸೆಂಬರ್‌ನಲ್ಲಿ ಮಾಡಿಸಿದರೆ ಮಾರ್ಚ್‌ನಿಂದ ಜೂನ್‌, ಅಂದರೆ ಮದುವೆಗಳ ಸುಗ್ಗಿಗೆ ಸರಿಯಾಗಿ. ಏಪ್ರಿಲ್‌ನಲ್ಲಿ ಮಾಡಿಸಿದರೆ ಆಷಾಢ, ಶ್ರಾವಣದಲ್ಲಿ ಉದುರಿ ದೀಪಾವಳಿಗೆ ಚಿಗುರುತ್ತದೆ. ಬೇಸಿಗೆಗೆ ಇದೊಂದು ಅನುಕೂಲ ಕೊಡಲೇಬೇಕು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕಾದ ಕಾರ್ಯಕ್ರಮ ಇದ್ದರೆ ಆಪರೇಷನ್‌ಗೂ ಅದಕ್ಕೂ ನಡುವೆ ಒಂದು ವರ್ಷ ಬಿಡಿ. ತೂಕವೂ ಹನ್ನೆರಡರಿಂದ ಹದಿನೆಂಟು ತಿಂಗಳ ಹೊತ್ತಿಗೆ ಒಂದು ಕಡೆ ನಿಲ್ಲುತ್ತದೆ. ಮದುವೆಗೆ ಮೂರು ತಿಂಗಳು ಇದೆ ಎಂದು ಆಪರೇಷನ್‌ಗೆ ಓಡುವುದು ಎಲ್ಲಕ್ಕಿಂತ ತಪ್ಪು ಲೆಕ್ಕ.

ಎಲ್ಲರಿಗಿಂತ ಮೊದಲು ತಿಳಿಯುವುದು ಟೈಲರ್‌ಗೆ. ಹೊಸ ರವಿಕೆ ಒಂದು ವರ್ಷ ಹೊಲಿಸಬೇಡಿ. ಹಳೆಯದನ್ನೇ ಮನೆಯಲ್ಲಿ ಒಳಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳಿ. ಉಂಗುರ, ಬಳೆ ಜಾರಿ ಕಳೆದುಹೋಗುತ್ತವೆ, ಮೂರನೇ ತಿಂಗಳಿಗೇ ತೆಗೆದಿಡಿ.

ಊರಲ್ಲೋ, ಹೊರಗೋ

ಹಾಸನದಲ್ಲಿ ಯಾವ ಆಸ್ಪತ್ರೆಗೆ ಹೋದರೂ ವರಾಂಡದಲ್ಲಿ ಒಬ್ಬರು ಪರಿಚಯದವರು ಸಿಗುತ್ತಾರೆ. ಚಿಕ್ಕಮಗಳೂರಿನಲ್ಲೂ ಅಷ್ಟೇ. ಹಾಗಾಗಿ ಗುಟ್ಟು ಬೇಕೆನ್ನುವವರು ಬೆಂಗಳೂರಿಗೆ ಹೋಗುತ್ತಾರೆ. ಹಾಸನದಿಂದ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ಮೈಸೂರು ಹಾಸನಕ್ಕೆ 120 ಕಿಲೋಮೀಟರ್ ಆಸುಪಾಸು. ದೂರ ಹೋದಷ್ಟೂ ಗುಟ್ಟು ಭದ್ರ, ಆದರೆ ತೊಂದರೆಯಾದಾಗ ಡಾಕ್ಟರೂ ಅಷ್ಟೇ ದೂರ. ನನ್ನ ಸಲಹೆ ಇಷ್ಟು: ಆಸ್ಪತ್ರೆ ಬಿಟ್ಟ ಮೇಲೆ ಅದೇ ಊರಿನಲ್ಲಿ ಒಂದು ವಾರ ಉಳಿಯಿರಿ. ವಾಪಸ್ ಬರುವಾಗ ಗಂಟೆಗೊಮ್ಮೆ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆಯಿರಿ. ಮೊದಲ ವಾರಗಳಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಊರಿನ ಒಬ್ಬ ಡಾಕ್ಟರ್‌ಗೆ ಮೊದಲೇ ವಿಷಯ ಹೇಳಿ, ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಕೊಟ್ಟಿಡಿ. ರೋಗಿಯ ವಿಷಯ ಹೊರಗೆ ಹೇಳಬಾರದು ಎಂಬುದು ವೈದ್ಯರ ವೃತ್ತಿ ನಿಯಮದಲ್ಲೇ ಇದೆ, ಕೇಳಲು ಸಂಕೋಚ ಬೇಡ.

ರಜೆ ಮತ್ತು ಕಾಗದ ಪತ್ರ

ಗಳಿಕೆ ರಜೆ ಇದ್ದರೆ ಅದನ್ನೇ ಹಾಕಿ, "ಸ್ವಂತ ಕೆಲಸ" ಸಾಕು. ಪರಿವರ್ತಿತ ರಜೆಗೆ (ಅರ್ಧ ಸಂಬಳದ ರಜೆಯನ್ನು ಪೂರ್ತಿ ಸಂಬಳಕ್ಕೆ ಬದಲಿಸಿಕೊಳ್ಳುವುದು) ವೈದ್ಯಕೀಯ ಪ್ರಮಾಣಪತ್ರ ಬೇಕು. "ಲ್ಯಾಪರೊಸ್ಕೋಪಿ ಮೂಲಕ ಹೊಟ್ಟೆಯ ಶಸ್ತ್ರಚಿಕಿತ್ಸೆ" ಎಂದು ಬರೆಯಲು ಆಗುತ್ತದೆಯೇ ಎಂದು ಸರ್ಜನ್‌ರನ್ನು ಕೇಳಿ. ಅದು ಸುಳ್ಳಲ್ಲ. ಆದರೆ ಖರ್ಚನ್ನು ಕಚೇರಿಯಿಂದ ವಾಪಸ್ ಪಡೆಯುವುದಾದರೆ ಬಿಲ್ಲಿನಲ್ಲಿ ಪೂರ್ತಿ ಹೆಸರು ಇರುತ್ತದೆ, ಅದು ಗುಮಾಸ್ತರ ಮೇಜಿನ ಮೇಲೆ ಹೋಗುತ್ತದೆ.

ಸ್ವಂತ ವಿಮೆ ಇದ್ದರೆ ಈ ತೊಂದರೆ ಇಲ್ಲ. ಆದರೆ ವಿಮೆಯ ಷರತ್ತು ಬಿಗಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು, ಜೊತೆಗೆ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯದ ಕಾಯಿಲೆ ಇಂಥದ್ದು ಇರಬೇಕು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಬಗ್ಗೆ ಯೋಚಿಸಬಹುದು ಎನ್ನುತ್ತದೆ. ಡಾಕ್ಟರ್ ಒಪ್ಪಿದರೂ ವಿಮೆ ಒಪ್ಪದೇ ಇರಬಹುದು. ಒಪ್ಪಿಗೆಗೆ ದಿನ ಹಿಡಿಯುತ್ತದೆ, ದಿನಾಂಕ ಜಾರುತ್ತದೆ. ನೀವು ಆರಿಸಿದ ತಿಂಗಳಿಗೆ ಮೂರು ತಿಂಗಳ ಮುಂಚೆಯೇ ಕಾಗದದ ಕೆಲಸ ಶುರುಮಾಡಿ. ದಿನ ಜಾರಿದರೆ ಯಾವ ತಾರೀಖು ದಾಟಿದ ಮೇಲೆ ಬೇಡ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಂಡಿರಲಿಲ್ಲ.

ಸ್ಲೀವೋ (ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆಯುವುದು) ಬೈಪಾಸೋ (ಹೊಟ್ಟೆಯಲ್ಲಿ ಸಣ್ಣ ಚೀಲ ಮಾಡಿ ಅದನ್ನು ಕರುಳಿಗೆ ಜೋಡಿಸುವುದು) ಎನ್ನುವುದನ್ನು ಗುಟ್ಟಿನ ಅನುಕೂಲಕ್ಕೆ ಆರಿಸಬೇಡಿ. ಬೈಪಾಸ್ ಆದವರಿಗೆ ಹೋಳಿಗೆ, ಪಾಯಸ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಆಗಬಹುದು, ಪಂಕ್ತಿಯಲ್ಲಿ ಅದು ಕಷ್ಟ. ಸ್ಲೀವ್‌ನಲ್ಲಿ ಅದು ಕಡಿಮೆ, ಆದರೆ ಎದೆಯುರಿ ಇದ್ದವರಿಗೆ ಅದು ಜಾಸ್ತಿಯಾಗಬಹುದು. ಸರ್ಜನ್ ನಿಮ್ಮ ಸಕ್ಕರೆ, ಎದೆಯುರಿ ನೋಡಿ ಹೇಳುತ್ತಾರೆ.

ಯಾರಿಗೆ ಏನು ಹೇಳುವುದು

ಯಾರಿಗೂ ಏನೂ ಹೇಳದಿರುವುದು ಒಂದು ದಾರಿ. ನಾನು ಅದನ್ನೇ ಹಿಡಿದೆ, ಗಂಡನಿಗೆ ಮಾತ್ರ ಗೊತ್ತಿತ್ತು. ಎರಡನೆಯದು ಬೇರೆ ಕಾಯಿಲೆಯ ಹೆಸರು ಹೇಳುವುದು. ಹರ್ನಿಯಾ, ಪಿತ್ತಕೋಶದ ಕಲ್ಲು ಇತ್ಯಾದಿ. ಇದು ಬೇಡ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲು ಆಗಬಹುದು. ನೀವು ಪ್ರಜ್ಞೆ ತಪ್ಪಿದ ಹೊತ್ತಿನಲ್ಲಿ ಮನೆಯವರು "ಅದನ್ನು ತೆಗೆಸಿಯಾಗಿದೆ" ಎಂದು ಡಾಕ್ಟರ್‌ಗೆ ಹೇಳಿದರೆ?

ತಂಗಿ ಹಿಡಿದದ್ದು ಮೂರನೆಯ ದಾರಿ, ನನಗೆ ಅದೇ ಸರಿ ಅನ್ನಿಸುತ್ತದೆ. "ಹೊಟ್ಟೆದೊಂದು ಆಪರೇಷನ್ ಆಯ್ತು ಅತ್ತೆ, ಡಾಕ್ಟರ್ ಪಥ್ಯ ಹೇಳಿದಾರೆ" ಎಂದಳು, ಅಷ್ಟೇ. ಅವಳ ಸೋದರತ್ತೆ ಒಂದು ಪ್ರಶ್ನೆ ಕೇಳಲಿಲ್ಲ. ಗಂಜಿ ತೆಳ್ಳಗೆ ಮಾಡಿ ಕಳಿಸಿದರು. ಪಥ್ಯ ಎನ್ನುವ ಮಾತಿಗೆ ನಮ್ಮಲ್ಲಿ ಇನ್ನೂ ಬೆಲೆ ಇದೆ. ಬಾಣಂತಿಗೆ, ಕಾಮಾಲೆ ಆದವರಿಗೆ ಯಾರೂ ಒತ್ತಾಯ ಮಾಡಿ ಬಡಿಸುವುದಿಲ್ಲ. "ಡಯಟ್" ಅಂದರೆ ಮಾತ್ರ "ಒಂದು ದಿನಕ್ಕೆ ಏನಾಗಲ್ಲ, ಹಾಕ್ಸ್ಕೊ" ಅನ್ನುತ್ತಾರೆ. ಎಲೆಯ ಮುಂದೆ ಆ ಒಂದು ಪದ ಆಡಿದ್ದರೆ ನನಗೆ ಬೀಗರೂಟದ ಅವಮಾನ ತಪ್ಪುತ್ತಿತ್ತು.

ಮದುವೆ ವಯಸ್ಸಿನ ಹೆಣ್ಣುಮಕ್ಕಳ ಅಮ್ಮಂದಿರಿಗೆ ಒಂದು ಮಾತು, ನಾನೂ ಒಬ್ಬ ಅಮ್ಮನೇ. ಹೆಣ್ಣು ನೋಡಲು ಬರುವವರಿಗೆ ಹೇಳಬೇಕಿಲ್ಲ. ಮದುವೆ ಗೊತ್ತಾದ ಹುಡುಗನಿಗೆ ಹೇಳಿ. ಆಪರೇಷನ್ ಆದ ಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ಧರಿಸಬಾರದು. ತೂಕ ಇಳಿದಂತೆ ಗರ್ಭ ನಿಲ್ಲುವುದು ಮೊದಲಿಗಿಂತ ಸುಲಭವಾಗುತ್ತದೆ. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಮೈಗೆ ಹತ್ತದೇ ಇರಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೂ. ಇಷ್ಟನ್ನು ಗಂಡನಿಂದ ಮುಚ್ಚಿಟ್ಟುಕೊಂಡು ಆ ಹುಡುಗಿ ಬಾಳುವುದು ಹೇಗೆ?

ಕೊನೆಗೆ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಯಾವ ಆಪರೇಷನ್, ಯಾವ ತಾರೀಖು, ಸರ್ಜನ್ ಫೋನ್ ನಂಬರ್. ಅದರ ಕೆಳಗೆ, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೊಡುವ ಮೊದಲು, ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವ ಮೊದಲು ಸರ್ಜನ್‌ರನ್ನು ಕೇಳಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ನನ್ನದು ಪರ್ಸಿನಲ್ಲಿ ಬಸ್ ಪಾಸಿನ ಹಿಂದೆ ಇದೆ. ತಂಗಿಯದು ಫೋನಿನ ಕವರ್ ಒಳಗೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾಳೆ.